ಹಗ್ಗ ಹಿಡಿದವರ ಮುಖ

ನಿನ್ನೆ ರಾತ್ರಿ ನಮ್ಮ ಕೇರಿಯಲ್ಲಿ ಬಿಳಿ ಪಂಚೆಯನ್ನೇ ಪರದೆಯಾಗಿ ಕಟ್ಟಿ, ಹುಡುಗರು ಮೊಬೈಲಲ್ಲೇ ತೆಗೆದ ಕಿರುಚಿತ್ರ ತೋರಿಸಿದರು. ನಮ್ಮ ಶಿರಸಿಯ ಬೇಡರ ವೇಷದ್ದು, ಬೇಡನ ವೇಷ ಹಾಕಿ ರಾತ್ರಿ ಬೀದಿಯಲ್ಲಿ ಕುಣಿಯುವ ಜನಪದ ಕುಣಿತ. ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ ಹೋಳಿ ಹೊತ್ತಿಗೆ ಬರುತ್ತದಲ್ವಾ, ಅದೇ. ಎಲ್ಲರೂ ಕುಣಿತದ ವಿಡಿಯೊ ಮಾಡುತ್ತಾರೆ. ಇವರು ಜಾಸ್ತಿ ಹೊತ್ತು ಬಣ್ಣ ಹಚ್ಚುವ ಮನೆಯಲ್ಲೇ ಕೂತಿದ್ದಾರೆ. ಬೆನ್ನಿಗೆ ನವಿಲುಗರಿ ಕಟ್ಟುವಾಗ ವೇಷದ ಹುಡುಗ ಉಸಿರು ಬಿಗಿಹಿಡಿದು ನಿಂತಿದ್ದಾನೆ. ಬಣ್ಣ ಅಳಿಸಬಾರದೆಂದು ಅವನ ಅಮ್ಮ ಸ್ಟ್ರಾದಲ್ಲಿ ಚಹಾ ಕುಡಿಸುತ್ತಾಳೆ. ಹೊರಗೆ ಆಗಲೇ ತಮಟೆ ಶುರು. ಕುಣಿಯುವಾಗ ವೇಷದವನನ್ನು ಹಿಂದಿನಿಂದ ಹಗ್ಗ ಹಿಡಿದು ತಡೆಯುವ ಇಬ್ಬರು ಬಾಗಿಲಲ್ಲಿ ಸುಮ್ನೆ ಕಾಯುತ್ತಿದ್ದಾರೆ.

40 ವರ್ಷದಿಂದ ಈ ವೇಷ ನೋಡುತ್ತಾ ಬಂದವಳು ನಾನು. ಹಗ್ಗ ಹಿಡಿದವರ ಮುಖ ಸರಿಯಾಗಿ ನೋಡಿದ್ದು ನಿನ್ನೆಯೇ.

ಮುಂದಿನ ಚಿತ್ರ ಅಡಿಕೆ ಸುಲಿಯುವ ಹೆಂಗಸರದಂತೆ. ಶೂಟಿಂಗಿಗೆ ನಮ್ಮನೆ ಅಂಗಳಕ್ಕೇ ಬನ್ನಿ ಅಂದಿದ್ದೇನೆ.