ಚಿತ್ರ ಬಂತು, ಮಾತು ಬರಲಿಲ್ಲ

11 ಮಾರ್ಚ್ 2025, ಮಂಗಳವಾರ

ಬೆಳಿಗ್ಗೆ ಗೆಳೆಯನೊಬ್ಬ ಒಂದು ವಿಡಿಯೊ ಫೈಲ್ ಕಳಿಸಿದ್ದ. ಸ್ಪ್ರೆಡ್‌ಶೀಟ್ ಬಳಸೋದು ಹೇಗೆ ಅಂತ ತೋರಿಸುವ ಪಾಠ, ಸ್ಕ್ರೀನ್ ರೆಕಾರ್ಡ್ ಮಾಡಿದ್ದು. ಜೊತೆಗೆ ಒಂದು ಸಂದೇಶ: "ಸ್ಕ್ರೀನ್ ಪೂರ್ತಿ ಬಂದಿದೆ, ಮಧ್ಯೆ ಬಂದ ಮೇಲ್‌ನ ಟಣ್ ಸದ್ದೂ ಬಂದಿದೆ, ನನ್ನ ಮಾತು ಮಾತ್ರ ಒಂದಕ್ಷರವೂ ಇಲ್ಲ. ಮತ್ತೆ ಮೊದಲಿಂದ ಮಾಡ್ಲಾ?" ಒಮ್ಮೆ ಹೇಳಿ ಮುಗಿಸಿದ ಪಾಠವನ್ನು ಅದೇ ಹುಮ್ಮಸ್ಸಿನಲ್ಲಿ ಇನ್ನೊಮ್ಮೆ ಹೇಳೋದು ಎಂಥ ಬೇಜಾರಿನ ಕೆಲಸ ಅಂತ ಗೊತ್ತು. "ತಡಿ, ಏನೂ ಅಳಿಸಬೇಡ" ಅಂತ ಬರೆದೆ.

ಇಂಥ ಹೊತ್ತಲ್ಲಿ ಎಲ್ಲರೂ ನೇರ ಮೈಕ್‌ಗೇ ಕೈ ಹಾಕುತ್ತಾರೆ. ಕೇಬಲ್ ಕಿತ್ತು ಚುಚ್ಚುತ್ತಾರೆ, ಡ್ರೈವರ್ ಅಳಿಸಿ ಹಾಕುತ್ತಾರೆ, ಕಂಪ್ಯೂಟರ್ ರೀಸ್ಟಾರ್ಟ್ ಮಾಡುತ್ತಾರೆ. ನಾನು ಮೊದಲು ಫೈಲನ್ನೇ ವಿಚಾರಿಸುತ್ತೇನೆ. ಮಾತು ಅದರೊಳಗೆ ಇಲ್ಲವೇ ಇಲ್ಲವಾ, ಅಥವಾ ಇದ್ದೂ ಕೇಳಿಸುತ್ತಿಲ್ಲವಾ? ಇದು ಗೊತ್ತಾಗದೆ ಸೆಟ್ಟಿಂಗ್ ತಿರುಚುತ್ತಾ ಕೂತರೆ ಸರಿಯಾಗಿದ್ದದ್ದೂ ಕೆಡುತ್ತದೆ.

ಫೈಲನ್ನು ವಿಎಲ್‌ಸಿ ಪ್ಲೇಯರ್‌ನಲ್ಲಿ ತೆರೆದೆ. ಆಡಿಯೊ ಮೆನುವಿನಲ್ಲಿ ಆಡಿಯೊ ಟ್ರ್ಯಾಕ್ ಅಂತ ಇದೆಯಲ್ಲ, ಅಲ್ಲಿ ನೋಡಿದರೆ ಒಂದಲ್ಲ, ಎರಡು ಟ್ರ್ಯಾಕ್! ಎರಡನೆಯದನ್ನು ಆರಿಸಿದ ಕೂಡಲೇ ಗೆಳೆಯನ ಗಂಟಲು: "ಎಲ್ಲರಿಗೂ ನಮಸ್ಕಾರ, ಇವತ್ತು ನಾವು ಫಿಲ್ಟರ್ ನೋಡೋಣ..." ಪಾಠ ಪೂರ್ತಿ ಅಲ್ಲೇ ಇತ್ತು.

ಅವನು ರೆಕಾರ್ಡ್ ಮಾಡಿದ್ದು ಒಬಿಎಸ್ ಸ್ಟುಡಿಯೊದಲ್ಲಿ. ಅದರಲ್ಲಿ ಒಂದೇ ಫೈಲಿಗೆ 6 ಆಡಿಯೊ ಟ್ರ್ಯಾಕ್‌ವರೆಗೆ ಬರೆಯಬಹುದು. ಕಂಪ್ಯೂಟರಿನ ಸದ್ದು ಒಂದರಲ್ಲಿ, ಮೈಕ್ ಇನ್ನೊಂದರಲ್ಲಿ ಇದ್ದರೆ ಆಮೇಲೆ ಎಡಿಟ್ ಮಾಡೋದು ಸುಲಭ. ಯಾವ ಸದ್ದು ಯಾವ ಟ್ರ್ಯಾಕಿಗೆ ಹೋಗಬೇಕು ಅನ್ನೋದು ಅಡ್ವಾನ್ಸ್ಡ್ ಆಡಿಯೊ ಪ್ರಾಪರ್ಟೀಸ್ ಕಿಟಕಿಯ ಬಲತುದಿಯಲ್ಲಿ ಸಾಲಾಗಿ ಕೂತ ಟಿಕ್ ಗುರುತುಗಳಲ್ಲಿ ಇರುತ್ತದೆ. ಅವನ ಸ್ಕ್ರೀನ್‌ಶಾಟ್ ತರಿಸಿಕೊಂಡು ನೋಡಿದೆ. ಡೆಸ್ಕ್‌ಟಾಪ್ ಸದ್ದಿಗೆ 1ರಲ್ಲಿ ಟಿಕ್, ಮೈಕ್‌ಗೆ 2ರಲ್ಲಿ ಮಾತ್ರ. ಸಾಮಾನ್ಯ ಪ್ಲೇಯರ್‌ಗಳು ಮೊದಲ ಟ್ರ್ಯಾಕ್ ನುಡಿಸಿ ಸುಮ್ಮನಾಗುತ್ತವೆ. ಅಪ್‌ಲೋಡ್ ಮಾಡಿದರೂ ಹೆಚ್ಚಿನ ಕಡೆ ಅದೇ ಕತೆ.

"ಆದರೆ ರೆಕಾರ್ಡ್ ಮಾಡೋವಾಗ ಮೀಟರ್ ಕುಣೀತಾ ಇತ್ತಲ್ಲ, ನಾನೇ ನೋಡಿದ್ದೀನಿ" ಅಂದ. ಕುಣಿದಿರುತ್ತೆ. ಮಿಕ್ಸರಿನ ಹಸಿರು ಪಟ್ಟಿ ಹೇಳೋದು ಮೈಕ್‌ನ ಸದ್ದು ಸಾಫ್ಟ್‌ವೇರಿನವರೆಗೆ ಬಂದಿದೆ ಅಂತ ಅಷ್ಟೇ. ಅಲ್ಲಿಂದ ಮುಂದೆ ಯಾವ ಟ್ರ್ಯಾಕಿಗೆ ಹೋಯಿತು ಅನ್ನೋದಕ್ಕೂ ಆ ಪಟ್ಟಿಗೂ ಸಂಬಂಧವಿಲ್ಲ. ಹಾಗಾಗಿ ಮೀಟರ್ ನೋಡಿ ಸಮಾಧಾನ ಪಡೋದು ನನಗೆ ಅಷ್ಟಾಗಿ ಒಗ್ಗುವುದಿಲ್ಲ. ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ನಿಲ್ಲಿಸಿ, ಆ ಫೈಲನ್ನೇ ಕೇಳಬೇಕು. ಅದೂ ನೋಡುವವರು ಬಳಸುವಂಥ ಮಾಮೂಲಿ ಪ್ಲೇಯರ್‌ನಲ್ಲಿ.

ಮಧ್ಯಾಹ್ನ ಎಫ್‌ಎಫ್‌ಎಂಪೆಗ್ ಅನ್ನುವ, ಕಮಾಂಡ್ ಬರೆದು ವಿಡಿಯೊ ಆಡಿಯೊ ತಿದ್ದುವ ಸಾಫ್ಟ್‌ವೇರಿನಲ್ಲಿ ಎರಡೂ ಟ್ರ್ಯಾಕ್ ಬೆರೆಸಿ ಒಂದು ಮಾಡಿದೆ. ವಿಡಿಯೊವನ್ನು ಮುಟ್ಟದೆ ಹಾಗೇ ನಕಲು ಮಾಡಿ, ಆಡಿಯೊ ಮಾತ್ರ ಹೊಸದಾಗಿ ಬರೆಯಲು ಹೇಳಬಹುದು. ಆಗ ಚಿತ್ರ ಮಸುಕಾಗೋದಿಲ್ಲ, ಕೆಲಸವೂ ಬೇಗ ಮುಗಿಯುತ್ತದೆ. ಸದ್ದುಗಳನ್ನು ಬೆರೆಸುವ ಅದರ ಎಮಿಕ್ಸ್ ಫಿಲ್ಟರ್‌ಗೆ ಒಂದು ಅಭ್ಯಾಸ ಇದೆ. ಸದ್ದು ಒಡೆಯದಿರಲಿ ಅಂತ ಬೆರೆಸುವಾಗ ಎಲ್ಲದರ ದನಿಯನ್ನೂ ತಗ್ಗಿಸಿಬಿಡುತ್ತದೆ. ಆಮೇಲೆ ವಾಲ್ಯೂಮ್ ಏರಿಸಿದೆ. ಕಮಾಂಡ್ ಬರೆಯೋದು ಬೇಡ ಅನ್ನುವವರು ಯಾವುದಾದರೂ ವಿಡಿಯೊ ಎಡಿಟರ್‌ಗೆ ಹಾಕಿ ಇದನ್ನೇ ಮಾಡಬಹುದು.

ಮಾತು ಇದ್ದೂ ಕೇಳಿಸದ ಇನ್ನೊಂದು ಬಗೆ ಇದೆ, ಇದಕ್ಕಿಂತ ಮಜವಾದದ್ದು. ಹೆಡ್‌ಫೋನ್‌ನಲ್ಲಿ ಮಾತು ಚೆನ್ನಾಗಿ ಕೇಳುತ್ತದೆ, ಒಂದೇ ಸ್ಪೀಕರ್ ಇರುವ ಫೋನಿನಲ್ಲಿ ಮಾತ್ರ ಮಾಯ! ಹಿನ್ನೆಲೆ ಸಂಗೀತ ಕೇಳುತ್ತದೆ, ಮಾತಾಡುವವನು ಇಲ್ಲ. ಸ್ಟುಡಿಯೊ ಮೈಕ್‌ನ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ತಂತಿಯನ್ನು ಸರಿಯಲ್ಲದ ಕೇಬಲ್‌ನಿಂದ ಸ್ಟೀರಿಯೊ ಸಾಕೆಟ್ಟಿಗೆ ಚುಚ್ಚಿದಾಗ ಹೀಗಾಗುತ್ತದೆ. ಆ ಮೈಕ್ ಒಂದೇ ಸದ್ದನ್ನು ಎರಡು ತಂತಿಯಲ್ಲಿ ಕಳಿಸುತ್ತದೆ, ಒಂದು ನೆಟ್ಟಗೆ, ಇನ್ನೊಂದು ತಲೆಕೆಳಗಾಗಿ. ಅವು ಎಡ, ಬಲ ಅಂತ ಬೇರೆ ಬೇರೆ ಕೂರುತ್ತವೆ. ಫೋನು ಎಡ ಬಲ ಎರಡನ್ನೂ ಕೂಡಿಸಿ ನುಡಿಸುತ್ತದೆ. ಕೂಡಿಸಿದರೆ ಸೊನ್ನೆ. ಆಡಾಸಿಟಿ ಅನ್ನುವ ಆಡಿಯೊ ಎಡಿಟರ್‌ನಲ್ಲಿ ತೆರೆದು ಸದ್ದಿನ ಗೆರೆಗಳನ್ನು ಹಿಗ್ಗಿಸಿ ನೋಡಿದರೆ ಕಣ್ಣಿಗೇ ಕಾಣುತ್ತದೆ: ಮೇಲಿನ ಗೆರೆ ಏರಿದಲ್ಲಿ ಕೆಳಗಿನದು ಇಳಿದಿರುತ್ತದೆ, ನೀರಲ್ಲಿ ಬಿದ್ದ ಪ್ರತಿಬಿಂಬದ ಹಾಗೆ. ಒಂದು ಚಾನೆಲ್ ತೆಗೆದುಹಾಕಿ ಇನ್ನೊಂದನ್ನು ಮೋನೊ ಮಾಡಿದರೆ ಮುಗಿಯಿತು.

ಫೈಲಿನಲ್ಲಿ ಮಾತು ನಿಜಕ್ಕೂ ಇಲ್ಲ ಅಂತಾದರೆ, ಆಗಲೂ ಗೆರೆಯನ್ನೇ ಹತ್ತಿರದಿಂದ ನೋಡುತ್ತೇನೆ. ಯಾವ ಕೋಣೆಯೂ ಪೂರ್ತಿ ನಿಶ್ಶಬ್ದ ಇರುವುದಿಲ್ಲ. ಫ್ಯಾನ್ ಇರುತ್ತದೆ, ಮೈಕ್‌ನದ್ದೇ ಒಂದು ಸಣ್ಣ ಸುಯ್ ಇರುತ್ತದೆ. ಹಿಗ್ಗಿಸಿದಾಗ ಗೆರೆ ಚೂರು ನಡುಗುತ್ತಿದ್ದರೆ ಯಾವುದೋ ಒಂದು ಮೈಕ್ ಜೀವಂತ ಇದೆ ಅಂತ ಅರ್ಥ. ನೀವು ಮಾತಾಡಿದ್ದು ಹೆಡ್‌ಸೆಟ್ಟಿಗೆ, ರೆಕಾರ್ಡರ್ ಕೇಳಿಸಿಕೊಂಡದ್ದು ಮುಚ್ಚಿಟ್ಟ ಲ್ಯಾಪ್‌ಟಾಪಿನ ಮೈಕನ್ನೋ ಮೂಲೆಯಲ್ಲಿರೋ ವೆಬ್‌ಕ್ಯಾಮಿನ ಮೈಕನ್ನೋ ಇರಬಹುದು. ರೆಕಾರ್ಡರ್‌ನಲ್ಲಿ "ಡಿಫಾಲ್ಟ್" ಅಂತ ಬಿಟ್ಟರೆ ಈ ತಂಟೆ ಜಾಸ್ತಿ, ಯಾಕೆಂದರೆ ಹೊಸದೇನಾದರೂ ಚುಚ್ಚಿದಾಗ ಡಿಫಾಲ್ಟ್ ಬದಲಾಗಬಹುದು. ಮೈಕ್‌ನ ಹೆಸರನ್ನೇ ಆರಿಸಿಬಿಡೋದು ವಾಸಿ. ಲಿನಕ್ಸ್‌ನಲ್ಲಿ ಸದ್ದಿನ ಸೆಟ್ಟಿಂಗ್ ತೋರಿಸುವ ಪಾವುಕಂಟ್ರೋಲ್ ಅನ್ನುವ ಆ್ಯಪ್‌ನ ರೆಕಾರ್ಡಿಂಗ್ ಟ್ಯಾಬ್ ನೋಡಬೇಕು, ಅದೂ ರೆಕಾರ್ಡಿಂಗ್ ನಡೆಯುತ್ತಿರುವಾಗಲೇ. "ಮಾನಿಟರ್ ಆಫ್" ಅಂತ ಶುರುವಾಗುವ ಹೆಸರು ಅಲ್ಲಿದ್ದರೆ ಅದು ಸ್ಪೀಕರಿಗೆ ಹೋಗುವ ಸದ್ದು, ಮೈಕ್ ಅಲ್ಲ.

ಗೆರೆ ಅಲ್ಲಾಡದೆ ನೆಟ್ಟಗೆ ಮಲಗಿದ್ದರೆ? ಆಗ ನನ್ನ ಗುಮಾನಿ ಮ್ಯೂಟ್ ಮೇಲೆ, ಇಲ್ಲವೇ ಅನುಮತಿಯ ಮೇಲೆ. ಮ್ಯಾಕ್‌ನಲ್ಲಿ 2018ರ ಮೊಹಾವೆ ಆವೃತ್ತಿಯಿಂದ ಈಚೆಗೆ ಪ್ರತಿ ಆ್ಯಪ್ ಮೈಕ್‌ಗೆ ಕೇಳಿಯೇ ಬರಬೇಕು. ಬೇಡ ಅಂದಿದ್ದರೆ ಸಿಸ್ಟಮ್ ಅದಕ್ಕೆ ಮೌನವನ್ನೇ ಕೊಡುತ್ತಾ ಹೋಗುತ್ತದೆ. ಆ್ಯಪಿಗೂ ಗೊತ್ತಾಗದೆ ಹೋಗಬಹುದು. ಅನುಮತಿ ಕೊಟ್ಟ ಮೇಲೆ ಆ್ಯಪನ್ನು ಪೂರ್ತಿ ಮುಚ್ಚಿ ತೆರೆಯೋದು ಒಳ್ಳೆಯದು. ಇನ್ನು ಶಿಫ್ಟ್, ಕಮಾಂಡ್, 5 ಒತ್ತಿದರೆ ಬರುವ ಮ್ಯಾಕ್‌ನದ್ದೇ ರೆಕಾರ್ಡರ್‌ನಲ್ಲಿ ಆಪ್ಷನ್ಸ್ ಒಳಗೆ ಮೈಕ್ರೊಫೋನ್ "ನನ್" (ಯಾವುದೂ ಬೇಡ) ಅಂತಿದ್ದರೆ ಮಾತು ಬರುವುದೇ ಇಲ್ಲ.

ವಿಂಡೋಸ್‌ನಲ್ಲಿ ಪ್ರೈವೆಸಿಯ ಮೈಕ್ರೊಫೋನ್ ಪುಟದ ಮೇಲ್ಗಡೆ ಒಂದು ಸ್ವಿಚ್ ಇದೆ, ಅದನ್ನು ಎಲ್ಲರೂ ನೋಡುತ್ತಾರೆ. ಕೆಳಗೆ ಉರುಳಿಸಿದರೆ ಡೆಸ್ಕ್‌ಟಾಪ್ ಆ್ಯಪ್‌ಗಳಿಗೇ ಬೇರೆ ಸ್ವಿಚ್ ಇದೆ. ಅದರಡಿಯ ಪಟ್ಟಿಯಲ್ಲಿ ಯಾವ ಆ್ಯಪ್ ಯಾವಾಗ ಮೈಕ್ ಮುಟ್ಟಿತು ಅಂತ ಸಮಯ ಸಮೇತ ಇರುತ್ತದೆ. ನಿಮ್ಮ ರೆಕಾರ್ಡರಿನ ಹೆಸರೇ ಅಲ್ಲಿಲ್ಲ ಅಂದರೆ ಅದು ಮೈಕ್ ತನಕ ಬಂದಿರದೇ ಇರಬಹುದು. ವಿಂಡೋಸ್‌ನದ್ದೇ ರೆಕಾರ್ಡರ್ ಆದ ಗೇಮ್ ಬಾರ್ ಬಳಸುವವರು ವಿಂಡೋಸ್, ಆಲ್ಟ್, ಎಂ ಒತ್ತಿ ನೋಡಿ. ಮೈಕ್ ಆನ್ ಆಫ್ ಮಾಡುವ ಕೀಲಿ ಅದು.

ಬ್ರೌಸರಿನಲ್ಲೇ ನಡೆಯುವ ರೆಕಾರ್ಡರ್‌ಗಳಲ್ಲಿ ಸ್ಕ್ರೀನ್‌ಗೆ ಒಂದು ಅನುಮತಿ, ಮೈಕ್‌ಗೆ ಇನ್ನೊಂದು. ಟ್ಯಾಬ್‌ನ ಆಡಿಯೊ ಹಂಚಿಕೊಳ್ಳಲಾ ಅನ್ನುವ ಟಿಕ್ ಹಾಕಿದರೆ ಬರೋದು ಟ್ಯಾಬಿನ ಸದ್ದು, ನಿಮ್ಮದಲ್ಲ.

ಸಂಜೆ ಬೆರೆಸಿದ ಫೈಲ್ ಕಳಿಸಿದೆ. ಇನ್ಮುಂದೆ ಮೈಕ್‌ಗೆ 1ರಲ್ಲೂ ಟಿಕ್ ಹಾಕು, 2ರಲ್ಲಿದ್ದದ್ದು ಹಾಗೇ ಇರಲಿ ಅಂದೆ. ಸ್ವಲ್ಪ ಹೊತ್ತಿಗೆ ಮರುಪ್ರಶ್ನೆ ಬಂತು: ಪಿವಟ್ ಟೇಬಲ್ ಹೇಳುವಾಗ ಮಧ್ಯೆ ಅದೇ ಮೇಲ್‌ನ ಟಣ್ ಬಿದ್ದಿದೆ, ತೆಗೀಬಹುದಾ? ಮೂಲ ಫೈಲಿನಲ್ಲಿ ಅದು ಬೇರೆ ಟ್ರ್ಯಾಕಿನಲ್ಲೇ ಇದೆಯಲ್ಲ, ಮಾತಿಗೆ ಏನೂ ಆಗದ ಹಾಗೆ ತೆಗೆಯಬಹುದು. ನಾಳೆ ಕೂರುತ್ತೇನೆ.