ಮೆತ್ತಗಿನ ಲೋಹ, ಅವಸರದ ಉತ್ತರ

ಕುಮಟಾ, 12 ಆಗಸ್ಟ್ 2024, ಸೋಮವಾರ

ಮಧ್ಯಾಹ್ನ ಅವಸರದಲ್ಲಿ ಕೊಟ್ಟ ಒಂದು ‘ಹೌದು’ ಸಂಜೆಯಿಂದ ನನ್ನನ್ನು ಕಾಡುತ್ತಿದೆ. ತರಗತಿ ಮುಗಿದ ಮೇಲೆ ತದಡಿಯ ಹುಡುಗ ತನ್ನ ಅಪ್ಪನ ಬೀಸುಬಲೆಯಿಂದ ಕಳಚಿದ ಸೀಸದ ಗುಂಡೊಂದನ್ನು ಮೇಜಿನ ಮೇಲಿಟ್ಟು, ಉಗುರಿನಿಂದ ಅದರ ಮೇಲೊಂದು ಗೀರು ಎಳೆದು ಕೇಳಿದ: “ಸರ್, ಇಷ್ಟು ಮೆತ್ತಗಿರುವುದರಿಂದಲೇ ಸೀಸ ಅತಿವಾಹಕವಾಗುತ್ತದೆಯೇ? ತಾಮ್ರ ಗಟ್ಟಿಯಾದ್ದರಿಂದಲೇ ಆಗುವುದಿಲ್ಲವೇ?”

ತೀರ ತಣಿಸಿದಾಗ ವಿದ್ಯುತ್ತನ್ನು ಯಾವ ತಡೆಯೂ ಇಲ್ಲದೆ ಹರಿಯಗೊಡುವ ವಸ್ತುವೇ ಅತಿವಾಹಕ. ನಾನು ಹೌದೆಂದೆ. ಹಾಗೆ ಹೇಳಲು ಆಧಾರವೂ ಇತ್ತು. ಲೋಹದ ಬಿಗಿಯನ್ನು ಅಳೆಯುವ ಯಂಗ್ ಗುಣಾಂಕ ಸೀಸಕ್ಕೆ ಸುಮಾರು 16 ಗಿಗಾಪಾಸ್ಕಲ್, ಅದು ಅತಿವಾಹಕವಾಗುವುದು 7.2 ಕೆಲ್ವಿನ್‌ನಲ್ಲಿ, ತವರದ ಗುಣಾಂಕ ಸುಮಾರು 50, ತಾಪಮಾನ 3.7, ಅಲ್ಯೂಮಿನಿಯಂನದು 70, ತಾಪಮಾನ ಕೇವಲ 1.2. ಗುಣಾಂಕ 120ರ ಆಸುಪಾಸಿನಲ್ಲಿರುವ ತಾಮ್ರ ಎಷ್ಟು ತಣಿಸಿದರೂ ಅತಿವಾಹಕವಾಗುವುದಿಲ್ಲ. ಇಷ್ಟು ಅಚ್ಚುಕಟ್ಟಾದ ಸಾಲನ್ನು ಕಪ್ಪುಹಲಗೆಯ ಮೇಲೆ ಬರೆದಾಗ ಹುಡುಗನ ಮುಖ ಅರಳಿತು, ನನಗೂ ಸಂತೋಷವಾಯಿತು.

ಮನೆಗೆ ಬಂದು ಕೈಕಾಲು ತೊಳೆಯುತ್ತಿರುವಾಗ ಸೋಡಿಯಂ ನೆನಪಾಯಿತು. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಚಾಕುವಿನಿಂದ ಬೆಣ್ಣೆಯಂತೆ ಕತ್ತರಿಸುವ ಸೋಡಿಯಂ ಸೀಸಕ್ಕಿಂತಲೂ ಮೆತ್ತಗಿದೆ, ಆದರೆ ಸಾಮಾನ್ಯ ಒತ್ತಡದಲ್ಲಿ ಅದರಲ್ಲಿ ಅತಿವಾಹಕತೆ ಕಂಡಿಲ್ಲ. ಇನ್ನೊಂದು ತುದಿಯಲ್ಲಿ ನಿಯೋಬಿಯಂ ಇದೆ. ಗುಣಾಂಕ 100ನ್ನು ದಾಟಿದ ಈ ಬಿಗಿ ಲೋಹವೇ, ಸಾಮಾನ್ಯ ಒತ್ತಡದಲ್ಲಿ, ಧಾತುಗಳ ಪೈಕಿ ಎಲ್ಲಕ್ಕಿಂತ ಮೇಲಿನ ತಾಪಮಾನದಲ್ಲಿ, ಅಂದರೆ ಸುಮಾರು 9.2 ಕೆಲ್ವಿನ್‌ನಲ್ಲಿ, ಅತಿವಾಹಕವಾಗುತ್ತದೆ. ನನ್ನ ಸಾಲಿನಲ್ಲಿ ಇವೆರಡಕ್ಕೂ ಜಾಗವಿರಲಿಲ್ಲ.

ಮೊದಲ ತಪ್ಪು ಉಗುರಿನ ಗೀರಿನಲ್ಲೇ ಇತ್ತು. ಅಳಿಯದೆ ಉಳಿದ ಗೀರು ಲೋಹ ಎಷ್ಟು ಸುಲಭವಾಗಿ ರೂಪಗೆಡುತ್ತದೆ ಎಂಬುದನ್ನು ತೋರಿಸುತ್ತದೆ. ಸ್ಥಿತಿಸ್ಥಾಪಕತೆಯಾದರೋ ಒತ್ತಿ ಬಿಟ್ಟಾಗ ಲೋಹ ಮೊದಲಿನ ಆಕಾರಕ್ಕೆ ಮರಳುವ ಬಿಗಿಗೆ ಸಂಬಂಧಿಸಿದ್ದು. ಪರಮಾಣುಗಳ ಜಾಲಕ ಎಷ್ಟು ವೇಗವಾಗಿ ಕಂಪಿಸಬಲ್ಲದೆಂಬುದನ್ನು ನಿರ್ಧರಿಸುವುದು ಆ ಬಿಗಿ ಮತ್ತು ಪರಮಾಣುವಿನ ತೂಕ. ಅತಿವಾಹಕತೆಗೆ ಬೇಕಾಗಿರುವುದು ಈ ಕಂಪನ. ಒಂದು ಎಲೆಕ್ಟ್ರಾನ್ ಹಾದುಹೋಗುವಾಗ ಸುತ್ತಲಿನ ಧನ ಅಯಾನುಗಳು (ಎಲೆಕ್ಟ್ರಾನ್ ಬಿಟ್ಟುಕೊಟ್ಟ ಪರಮಾಣುಗಳು) ಅದರ ಕಡೆಗೆ ತುಸು ಸರಿಯುತ್ತವೆ. ಅವು ನಿಧಾನದವು, ಎಲೆಕ್ಟ್ರಾನ್ ಬಹುದೂರ ಹೋದ ಮೇಲೂ ಆ ಸರಿತ ಉಳಿದಿರುತ್ತದೆ, ಮತ್ತೊಂದು ಎಲೆಕ್ಟ್ರಾನ್ ಅದಕ್ಕೆ ಸೆಳೆಯಲ್ಪಟ್ಟು ಎರಡೂ ಜೋಡಿಯಾಗುತ್ತವೆ. 1950ರಲ್ಲಿ ಪಾದರಸದ ಹಗುರ ಐಸೋಟೋಪುಗಳು (ಒಂದೇ ಧಾತುವಿನ, ಬೇರೆ ಬೇರೆ ತೂಕದ ಪರಮಾಣುಗಳು) ಭಾರವಾದವುಗಳಿಗಿಂತ ತುಸು ಮೇಲಿನ ತಾಪಮಾನದಲ್ಲೇ ಅತಿವಾಹಕವಾಗುವುದು ಕಂಡುಬಂದಾಗ ಜಾಲಕದ ಪಾತ್ರ ಖಚಿತವಾಯಿತು. 1957ರಲ್ಲಿ ಭೌತವಿಜ್ಞಾನಿಗಳಾದ ಬಾರ್ಡೀನ್, ಕೂಪರ್, ಶ್ರೀಫರ್ ಅದನ್ನು ಪೂರ್ಣ ಸಿದ್ಧಾಂತವಾಗಿ ಕಟ್ಟಿದರು.

ಜಾಲಕ ಸಡಿಲವಾದಷ್ಟೂ ಅಯಾನುಗಳು ಹೆಚ್ಚು ಸರಿಯುತ್ತವೆ, ಸೆಳೆತ ಬಲಗೊಳ್ಳುತ್ತದೆ. ಹುಡುಗ ಹೇಳಿದ್ದರಲ್ಲಿ ಇಷ್ಟು ಭಾಗ ನಿಜ. ಆದರೆ ಅದೇ ಸಡಿಲತೆ ಕಂಪನದ ವೇಗವನ್ನು ತಗ್ಗಿಸುತ್ತದೆ, ಮತ್ತು ಅತಿವಾಹಕತೆಯ ತಾಪಮಾನಕ್ಕೆ ಆ ವೇಗವೇ ಅಳತೆಗೋಲು. ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಿತ್ತುಕೊಂಡಂತೆ. ಎಲ್ಲಕ್ಕಿಂತ ಮಿಗಿಲಾಗಿ, ಅಯಾನು ಕದಲಿದರೆ ಎಲೆಕ್ಟ್ರಾನಿಗೆ ಅದು ಎಷ್ಟು ತಟ್ಟುತ್ತದೆ ಎಂಬುದೇ ಮುಖ್ಯ. ಸೋಡಿಯಂನ ಎಲೆಕ್ಟ್ರಾನುಗಳಿಗೆ ಅದು ತೀರ ಕಡಿಮೆ ತಟ್ಟುತ್ತದೆ, ನಿಯೋಬಿಯಂನವುಗಳಿಗೆ ಬಹಳ. ಎಲೆಕ್ಟ್ರಾನುಗಳು ಜಾಲಕದೊಂದಿಗೆ ಅಷ್ಟಾಗಿ ತಿಕ್ಕಾಡದಿರುವುದರಿಂದಲೇ ತಾಮ್ರ ನಮ್ಮ ಮನೆಯ ತಂತಿಗಳಲ್ಲಿ ಅಷ್ಟು ಒಳ್ಳೆಯ ವಾಹಕ, ಅದೇ ಕಾರಣಕ್ಕೆ ಅತಿವಾಹಕವಲ್ಲ. ಇಷ್ಟು ವರ್ಷ ಪಾಠ ಹೇಳಿದ ಮೇಲೂ ಈ ಮಾತು ನನಗೆ ಪ್ರತಿ ಸಲ ಹೊಸದಾಗಿಯೇ ಕೇಳುತ್ತದೆ.

ಊಟವಾದ ಮೇಲೆ ಮನಸ್ಸು ಇನ್ನೂ ಕಲಕಿತು. ಮೆತ್ತಗಿರುವುದರಿಂದ ಅತಿವಾಹಕವೋ, ಅಥವಾ ಜಾಲಕದೊಡನೆ ಎಲೆಕ್ಟ್ರಾನುಗಳ ನಂಟು ಗಾಢವಾಗಿರುವುದರಿಂದಲೇ ಲೋಹ ಮೆತ್ತಗಾಗುತ್ತದೆಯೋ? ವೆನೇಡಿಯಂ ಮತ್ತು ಸಿಲಿಕಾನ್ ಸೇರಿದ ವಿ3ಎಸ್ಐ ಎಂಬ ಸಂಯುಕ್ತವನ್ನು ತಣಿಸುತ್ತ ಹೋದರೆ, ಬೇರೆ ಘನವಸ್ತುಗಳಂತೆ ಬಿಗಿಯಾಗುವ ಬದಲು ಅದು ಒಂದು ದಿಕ್ಕಿನ ಜಾರುವಿಕೆಗೆ ಸಡಿಲವಾಗುತ್ತಲೇ ಹೋಗುತ್ತದೆ. 21 ಕೆಲ್ವಿನ್ ಸುಮಾರಿಗೆ ಆ ಬಿಗಿ ಹೆಚ್ಚುಕಡಿಮೆ ಇಲ್ಲವಾಗಿ, ಘನಾಕೃತಿಯ ಸ್ಫಟಿಕ ಒಂದು ಬದಿಗೆ ತುಸು ಎಳೆದಂತಾಗುತ್ತದೆ. 17 ಕೆಲ್ವಿನ್‌ಗೆ ಅತಿವಾಹಕವಾಗುತ್ತದೆ. ಅಲ್ಲಿಗೆ ಆ ಸಡಿಲಿಕೆಯೂ ನಿಲ್ಲುತ್ತದೆ. ಎಲೆಕ್ಟ್ರಾನುಗಳು ಜೋಡಿಯಾದೊಡನೆ ಜಾಲಕವನ್ನು ಬಾಗಿಸುವುದನ್ನು ಬಿಟ್ಟಂತೆ! ಇಲ್ಲಿ ಯಾವುದು ಕಾರಣ, ಯಾವುದು ಪರಿಣಾಮ?

ಹುಡುಗ ಗುಂಡನ್ನು ಮೇಜಿನ ಮೇಲೆಯೇ ಮರೆತು ಹೋಗಿದ್ದ, ನಾನು ಜೇಬಿಗೆ ಹಾಕಿಕೊಂಡು ಬಂದೆ. ನಾಳೆ ಅದನ್ನು ಹಿಂದಿರುಗಿಸುವಾಗ ಮೊದಲು ನನ್ನ ‘ಹೌದು’ ತಪ್ಪೆಂದು ಹೇಳಬೇಕು. ಅನಂತರ ಸೋಡಿಯಂನಿಂದ ಆರಂಭಿಸಲೋ, ವಿ3ಎಸ್ಐ ಬಗ್ಗೆ ಹೇಳಿ ಅವನ ಪ್ರಶ್ನೆಯನ್ನೇ ತಿರುಗಿಸಿ ಅವನಿಗೇ ಕೇಳಲೋ, ಇನ್ನೂ ತೀರ್ಮಾನಿಸಿಲ್ಲ.