ಕರೆಂಟ್ ಕೈಕೊಡುವ ಊರಲ್ಲಿ ಫ್ರೋಜನ್ ಬ್ಲಡ್‌ವರ್ಮ್

ಫ್ರೋಜನ್ ಬ್ಲಡ್‌ವರ್ಮ್ ಅಂದರೆ ಅಕ್ವೇರಿಯಂ ಮೀನಿಗೆ ಹಾಕುವ, ಹೆಪ್ಪುಗಟ್ಟಿಸಿದ ಕೆಂಪು ಹುಳು. ಅದನ್ನು ಕರಗಿಸಿ ಮೀನಿಗೆ ಹಾಕುವುದು ಹತ್ತು ನಿಮಿಷದ ಕೆಲಸ. ಕೊಡಗಿನಲ್ಲಿ ಕಷ್ಟವಿರುವುದು ಅದಕ್ಕೂ ಮುಂಚೆ, ಅದನ್ನು ಕರಗದಂತೆ ಕಾಯುವುದರಲ್ಲಿ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹರಿದರೆ ಕರೆಂಟ್ ಯಾವಾಗ ಬರುತ್ತದೋ ಹೇಳಲಾಗದು. ಕರಗಿದ ಹುಳು ಮತ್ತೆ ಗಟ್ಟಿಯಾದರೆ ನೋಡಲು ಸರಿಯಾಗಿಯೇ ಕಾಣಬಹುದು. ಅಷ್ಟರಲ್ಲಿ ಬ್ಯಾಕ್ಟೀರಿಯಾ ಬೆಳೆದಿರುತ್ತದೆ.

ಇದಕ್ಕೊಂದು ಉಪಾಯವಿದೆ. ಸಣ್ಣ ಬಟ್ಟಲಲ್ಲಿ ನೀರು ಗಟ್ಟಿ ಮಾಡಿ, ಮೇಲೊಂದು ನಾಣ್ಯ ಇಟ್ಟು, ಫ್ರೀಜರಿನಲ್ಲಿ ಪ್ಯಾಕೆಟ್ಟಿನ ಪಕ್ಕದಲ್ಲೇ ಬಿಡಿ. ನಾಣ್ಯ ತಳ ಸೇರಿದ್ದರೆ ಪ್ಯಾಕೆಟ್ ಎಸೆಯಿರಿ, 100 ಗ್ರಾಮಿನದ್ದಾದರೂ ಸರಿ. ಕ್ಯೂಬ್‌ಗಳು ಆಕಾರ ಕಳೆದುಕೊಂಡು ಒಂದಕ್ಕೊಂದು ಅಂಟಿದ್ದರೆ, ಕೆಂಪು ಹೋಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಅಂಗಡಿಯಲ್ಲೇ ಬೇಡವೆನ್ನಿ. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಮೀ. ಥರ್ಮೊಕೋಲ್ ಡಬ್ಬಿ, ಐಸ್ ಪ್ಯಾಕ್ ಇಲ್ಲದೆ ತರಲು ಹೋಗಬೇಡಿ.

ಬೇಕಾದಷ್ಟನ್ನು ಗಟ್ಟಿಯಿರುವಾಗಲೇ ಚಾಕುವಿನಿಂದ ಕತ್ತರಿಸಿ, ಉಳಿದದ್ದನ್ನು ತಕ್ಷಣ ಒಳಗಿಡಿ. ಒಂದು ಬೆಟ್ಟಾ ಮೀನಿಗೆ ನಾಲ್ಕೈದು ಹುಳು ಸಾಕು. ಟ್ಯಾಂಕಿನದ್ದೇ ಅರ್ಧ ಲೋಟ ನೀರಿನಲ್ಲಿ ಹತ್ತು ನಿಮಿಷ ಬಿಡಿ. ಬಿಸಿನೀರು ಬೇಡ: ಚರ್ಮ ಒಡೆದು ಒಳಗಿನ ಸಾರವೆಲ್ಲ ಹೊರಬರುತ್ತದೆ. ನಂತರ ಇದಕ್ಕೆಂದೇ ಇಟ್ಟ ಟೀ ಜರಡಿಯಲ್ಲಿ ಸೋಸಿ, ಒಮ್ಮೆ ತೊಳೆಯಿರಿ. ಆ ಕೆಂಪು ನೀರನ್ನು ಟ್ಯಾಂಕಿಗೆ ಸುರಿದರೆ ಮೀನಿಗಿಂತ ಪಾಚಿಗೇ ಹಬ್ಬ. ಫಿಲ್ಟರ್ ನಿಲ್ಲಿಸಿ ಡ್ರಾಪರ್‌ನಿಂದ ಸ್ವಲ್ಪಸ್ವಲ್ಪ ಬಿಡಿ, ಮೂರು ನಿಮಿಷದಲ್ಲಿ ಉಳಿದದ್ದನ್ನು ಪೈಪಿನಿಂದ ಎಳೆದು ತೆಗೆಯಿರಿ. ಫಿಲ್ಟರ್ ಮತ್ತೆ ಹಾಕುವುದನ್ನು ಮರೆಯಬೇಡಿ.

ವಾರಕ್ಕೆ ಎರಡು ಸಲ ಸಾಕು, ಉಳಿದ ದಿನ ಪೆಲೆಟ್ (ಕಾಳಿನಂಥ ಒಣ ಮೀನಾಹಾರ). ಹೀಟರ್ ಇಲ್ಲದ ಟ್ಯಾಂಕಿನಲ್ಲಿ ನೀರು 20 ಡಿಗ್ರಿಗಿಂತ ಕೆಳಗಿಳಿದರೆ ಉಷ್ಣವಲಯದ ಮೀನುಗಳಿಗೆ ಜೀರ್ಣಶಕ್ತಿ ಕುಗ್ಗುತ್ತದೆ, ಮೀನಿನ ಕಸದ ಅಮೋನಿಯಾವನ್ನು ಅರಗಿಸುವ ಫಿಲ್ಟರಿನ ಬ್ಯಾಕ್ಟೀರಿಯಾವೂ ಮಂದವಾಗುತ್ತದೆ, ನೀರಿನಲ್ಲಿ ಅಮೋನಿಯಾ ಏರುತ್ತದೆ. ಆಗ ಒಂದೇ ಸಲಕ್ಕೆ ಇಳಿಸಿ. ಕರೆಂಟ್ ಹೋಗಿ ಫಿಲ್ಟರ್ ನಿಂತಿದ್ದರೆ ಆ ದಿನ ಹುಳು ಹಾಕಲೇಬೇಡಿ. ಒಂದು ದಿನದ ಉಪವಾಸಕ್ಕೆ ಬೆಳೆದ ಮೀನು ಸಾಯುವುದಿಲ್ಲ.

ಈ ಹುಳುವಿನ ಹಿಮೋಗ್ಲೋಬಿನ್ ಕೆಲವರಿಗೆ ಅಲರ್ಜಿ: ಕೈ ತುರಿಕೆ, ಸೀನು, ಕೆಲವೊಮ್ಮೆ ಉಬ್ಬಸ. ಗ್ಲೌಸ್ ಹಾಕಿಕೊಳ್ಳಿ.

ಗದ್ದೆ ಬದಿಯ ಕೆಸರಿನಲ್ಲಿ ಇದೇ ಹುಳು ಪುಕ್ಕಟೆ ಸಿಗುತ್ತದಲ್ಲ ಎನ್ನುವವರಿದ್ದಾರೆ. ಮೇಲಿನ ಕಾಫಿ ತೋಟಕ್ಕೆ ಹೊಡೆದ ಬೋರ್ಡೋ ದ್ರಾವಣದ (ಶಿಲೀಂಧ್ರನಾಶಕ) ಮೈಲುತುತ್ತ ಮಳೆಗೆ ಕೊಚ್ಚಿ ಕೆಳಗೇ ಬರುತ್ತದೆ. ಅದರಲ್ಲಿನ ತಾಮ್ರ ಹುಳುವಿನ ಜೊತೆ ಟ್ಯಾಂಕಿಗೆ ಸೇರಿದರೆ ಮೊದಲು ಸಾಯುವುದು ಟ್ಯಾಂಕಿನ ಸಿಗಡಿ, ಬಸವನಹುಳು.